ಸಿಆರ್‌ಎನ್‌ಎ ಆಗೋಕೆ ಊರಿನ ಐಸಿಯು ಅನುಭವ ಲೆಕ್ಕಕ್ಕೆ ಬರುತ್ತಾ? ಕೆಲಸ ನಿಜಕ್ಕೂ ಹೇಗಿರುತ್ತೆ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಂದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಯ ಬಿ.ಎಸ್ಸಿ. ನರ್ಸಿಂಗ್. ಬೆಂಗಳೂರಲ್ಲಿ ಕಾರ್ಡಿಯಾಕ್ ಐಸಿಯು ಅನುಭವ ಇದೆ, ಎನ್‌ಕ್ಲೆಕ್ಸ್ (ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ) ಆಗಿದೆ, ಇಬಿ-3 ಅನ್ನೋ ಉದ್ಯೋಗದ ವೀಸಾ ವರ್ಗದಲ್ಲಿ ಗ್ರೀನ್ ಕಾರ್ಡ್ ಸಮೇತ ಒಹಾಯೋಗೆ ಬಂದಿದ್ದೀನಿ. ಏಜೆನ್ಸಿಯವರು ಹಾಕಿರೋದು ಮೆಡ್-ಸರ್ಜ್, ಅಂದ್ರೆ ಸಾಮಾನ್ಯ ವಾರ್ಡಿಗೆ. ಮುಂದೆ ಸಿಆರ್‌ಎನ್‌ಎ, ಅಂದ್ರೆ ಅರಿವಳಿಕೆ ಕೊಡೋ ನರ್ಸ್ ಆಗ್ಬೇಕು ಅಂತಿದೆ.

ಊರಿನ ಐಸಿಯು ವರ್ಷಗಳನ್ನ ಕಾಲೇಜುಗಳು ಒಪ್ತಾವಾ? ಓಟಿ ಒಳಗೆ ನಾವು ಡಾಕ್ಟರ್ ಕೈಕೆಳಗೋ, ಸ್ವತಂತ್ರವೋ? ಒಬ್ಬೊಬ್ರು ಒಂದೊಂದು ಹೇಳ್ತಾರೆ. ಸಂಬಳದ ವಿಡಿಯೊಗಳನ್ನ ಸಾಕಷ್ಟು ನೋಡಿದ್ದೀನಿ, ಅದರ ಜತೆ ಬರೋ ಷರತ್ತುಗಳನ್ನ ಯಾರೂ ಹೇಳಲ್ಲ, ಅದು ಬೇಕು. ಇನ್ನೊಂದು, ಚಿಕ್ಕಮ್ಮನ ಮಗಳಿಗೆ ಊರಲ್ಲಿ ಬಿ.ಎಸ್ಸಿ. ಅನಸ್ತೇಷಿಯಾ ಟೆಕ್ನಾಲಜಿ ಸೀಟು ಸಿಗೋ ಹಾಗಿದೆ. "ಅದನ್ನೇ ಓದಿದ್ರೆ ನೇರವಾಗಿ ಅಮೆರಿಕದಲ್ಲಿ ಇದೇ ಕೆಲಸ" ಅಂತ ಯಾರೋ ಹೇಳಿದ್ದಾರಂತೆ. ಹೌದಾ?


ಗಾಳಿಮಾತು:

ಕಹಿ ಸುದ್ದಿ ಮೊದಲು ಹೇಳಿಬಿಡ್ತೀನಿ. ಬೆಂಗಳೂರಿನ ಐಸಿಯು ವರ್ಷಗಳು ಲೆಕ್ಕಕ್ಕಿಲ್ಲ. ಈ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಿಒಎ ಕೇಳೋದು ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಕ್ರಿಟಿಕಲ್ ಕೇರ್ ಅನುಭವ. ಅದು ಅಮೆರಿಕದಲ್ಲೋ, ಅದರ ಟೆರಿಟರಿಗಳಲ್ಲೋ, ಹೊರದೇಶದ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲೋ ಆಗಿರಬೇಕು. ದುಬೈ, ರಿಯಾದ್, ಲಂಡನ್ ಯಾವುದೂ ನಡೆಯಲ್ಲ. ಒಂದು ವರ್ಷ ಅನ್ನೋದು ಕಾಗದದ ಮೇಲೆ. ಸೀಟು ಸಿಗೋರಲ್ಲಿ ಹೆಚ್ಚಿನವರಿಗೆ ಎರಡು ಮೂರು ವರ್ಷ ಆಗಿರುತ್ತೆ. ಊರಿನ ಅನುಭವ ಉಪಯೋಗಕ್ಕೆ ಬರೋದು ಇಲ್ಲಿ ಐಸಿಯು ಕೆಲಸ ಗಿಟ್ಟಿಸೋಕೆ ಮಾತ್ರ.

ಅಂದ್ರೆ ಕಾಲೇಜು ಹುಡುಕೋದು ಆಮೇಲಿನ ಮಾತು, ಈಗ ವಾರ್ಡಿಂದ ಐಸಿಯುಗೆ ದಾಟಬೇಕು. ಏಜೆನ್ಸಿ ಕಾಂಟ್ರಾಕ್ಟ್ ತೆಗೆದು ನೋಡಿ: ಅದೇ ಆಸ್ಪತ್ರೆಯೊಳಗೆ ಯೂನಿಟ್ ಬದಲಾಯಿಸೋಕೆ ಅವಕಾಶ ಇದೆಯಾ, ಅವಧಿ ತಿಂಗಳಲ್ಲಿದೆಯಾ ಗಂಟೆಯಲ್ಲಿದೆಯಾ. 5,200 ಗಂಟೆ ಅಂತ ಬರೆದಿದ್ರೆ ವಾರಕ್ಕೆ 40 ಗಂಟೆಯಂತೆ ಎರಡೂವರೆ ವರ್ಷ. ಆದ್ರೆ ಆಸ್ಪತ್ರೆಯ ಪೂರ್ಣಾವಧಿ ಅಂದ್ರೆ ಸಾಮಾನ್ಯವಾಗಿ ಹನ್ನೆರಡು ಗಂಟೆಯ ಮೂರು ಶಿಫ್ಟ್, 36 ಗಂಟೆ. ಆ ಲೆಕ್ಕದಲ್ಲಿ 144 ವಾರ ದಾಟುತ್ತೆ. ಓರಿಯೆಂಟೇಶನ್, ರಜೆ, ಓವರ್‌ಟೈಮ್ ಗಂಟೆಗಳು ಸೇರುತ್ತವಾ ಅಂತಾನೂ ನೋಡಿ. ಕೋರ್ಸ್ ಶುರುವಾಗೋ ತಿಂಗಳು ಕಾಂಟ್ರಾಕ್ಟ್ ಒಳಗೆ ಬಿದ್ರೆ ದಂಡ ಕಟ್ಟಬೇಕಾಗುತ್ತೆ.

ಐಸಿಯುಗಿಂತ ಒಂದು ಮೆಟ್ಟಿಲು ಕೆಳಗಿನ ಸ್ಟೆಪ್-ಡೌನ್, ಹೃದಯ ಬಡಿತ ಗಮನಿಸೋ ಟೆಲಿಮೆಟ್ರಿ ಯೂನಿಟ್‌ಗಳನ್ನ ಐಸಿಯು ಅಂತ ಒಪ್ಪಲ್ಲ. ಎಮರ್ಜೆನ್ಸಿ, ರಿಕವರಿ ರೂಮ್‌ಗಳನ್ನೂ ಬಹುಪಾಲು ಕಾಲೇಜುಗಳು ತೆಗೆದುಹಾಕ್ತವೆ. ದೊಡ್ಡವರ ಕಾರ್ಡಿಯಾಕ್, ಸರ್ಜಿಕಲ್, ಮೆಡಿಕಲ್ ಐಸಿಯು ಇರಲಿ. ಅಲ್ಲಿ ವೆಂಟಿಲೇಟರ್, ಆರ್ಟೀರಿಯಲ್ ಲೈನ್, ನೀವೇ ಏರಿಸಿ ಇಳಿಸೋ ನಾರ್‌ಎಪಿನೆಫ್ರಿನ್, ವ್ಯಾಸೊಪ್ರೆಸಿನ್ ಥರದ ಬಿಪಿ ಏರಿಸೋ ಡ್ರಿಪ್ ಇರಬೇಕು. ಇಂಟರ್‌ವ್ಯೂನಲ್ಲಿ ಕೇಳೋದೇ ಇದು: ಯಾವ ಡ್ರಿಪ್ ಯಾವ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತೆ, ಈ ರೋಗಿಗೆ ಅದೇ ಯಾಕೆ. ಐಸಿಯು ನರ್ಸಿಂಗ್ ಪರಿಣತಿಯ ಸಿಸಿಆರ್‌ಎನ್ ಪರೀಕ್ಷೆಗೆ ಎರಡು ವರ್ಷದಲ್ಲಿ 1,750 ಗಂಟೆ ಬೇಕು, ಅದರಲ್ಲಿ 875 ಕೊನೆಯ ವರ್ಷದ್ದಾಗಿರಬೇಕು. 36 ಗಂಟೆ ವಾರದವರಿಗೆ ಹತ್ತಿರ ಹತ್ತಿರ ಒಂದು ವರ್ಷದಲ್ಲಿ ಮುಗಿಯುತ್ತೆ. ಬರೆದುಬಿಡಿ.

ಅಂಕಪಟ್ಟಿ ವಿಷಯ. ವಿವಿಯಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಿ, ವಿದೇಶಿ ಡಿಗ್ರಿ ತೂಗಿನೋಡೋ ಸಂಸ್ಥೆಯಿಂದ ಒಟ್ಟು ಡಿಗ್ರಿ ಹೇಳೋ ವರದಿ ಬೇಡ, ಒಂದೊಂದು ವಿಷಯಕ್ಕೂ ಗ್ರೇಡ್ ಕೊಡೋ ವರದಿಯನ್ನೇ ಮಾಡಿಸಿ. ತೊಡಕು ಬರೋದು ಮೊದಲ ವರ್ಷದ ಜಂಟಿ ಪೇಪರುಗಳಲ್ಲಿ. "ನ್ಯೂಟ್ರಿಶನ್ ಅಂಡ್ ಬಯೋಕೆಮಿಸ್ಟ್ರಿ" ಒಂದೇ ಪೇಪರ್ ಆಗಿದ್ರೆ ಕೆಮಿಸ್ಟ್ರಿ ಅಂತ ಒಪ್ಪೋಕೆ ಹಿಂದೆಮುಂದೆ ನೋಡ್ತಾರೆ. ಜತೆಗೆ ವಿಜ್ಞಾನದ ವಿಷಯಗಳು ಐದರಿಂದ ಹತ್ತು ವರ್ಷದೊಳಗಿನವು ಆಗಿರಬೇಕು ಅನ್ನೋ ಕಾಲೇಜುಗಳು ಬಹಳ ಇವೆ. ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್ ಎರಡನ್ನೂ ಕಮ್ಯುನಿಟಿ ಕಾಲೇಜಲ್ಲಿ ಹೊಸದಾಗಿ ಓದಿ ಎ ಗ್ರೇಡ್ ತಗೊಂಡ್ರೆ ಎರಡು ತಕರಾರೂ ಮುಗೀತು. ಜಿಎನ್‌ಎಂ ಡಿಪ್ಲೊಮಾ ಮಾತ್ರ ಆಗಿರೋರಿಗೆ ಮೊದಲು ಬ್ಯಾಚುಲರ್ ಡಿಗ್ರಿ ಆಗಲೇಬೇಕು.

ಕೋರ್ಸ್ ಮೂರು ವರ್ಷ, ಈಗ ಎಲ್ಲವೂ ಡಾಕ್ಟರೇಟ್. 2022ರ ಜನವರಿಯಿಂದ ಸೇರೋರಿಗೆ ಮಾಸ್ಟರ್ಸ್ ದಾರಿ ಮುಚ್ಚಿದೆ. ಕನಿಷ್ಠ 600 ಕೇಸ್, 2,000 ಕ್ಲಿನಿಕಲ್ ಗಂಟೆ. ವಾರಕ್ಕೆ ಸರಾಸರಿ 64 ಗಂಟೆ ಮೀರಿಸಬಾರದು ಅಂತ ನಿಯಮ ಇದೆ ಅಂದ್ಮೇಲೆ ಅದರ ಹತ್ತಿರ ಹೋಗ್ತೀರಿ ಅಂತಾನೇ ಅರ್ಥ. ನಡುವೆ ದುಡಿಮೆ ಆಗದ ಮಾತು. ಕೊನೆಗೆ ರಾಷ್ಟ್ರೀಯ ಪರೀಕ್ಷೆ: ಕಂಪ್ಯೂಟರ್ ನಿಮ್ಮ ಉತ್ತರ ನೋಡಿ 100ರಿಂದ 170 ಪ್ರಶ್ನೆ ಕೇಳುತ್ತೆ, ಮೂರು ಗಂಟೆ.

ಸಾಲದ ಬಗ್ಗೆ ಹುಷಾರು. ಗ್ರೀನ್ ಕಾರ್ಡ್ ಇರೋದ್ರಿಂದ ನಿಮಗೆ ಸರ್ಕಾರಿ ವಿದ್ಯಾರ್ಥಿ ಸಾಲ ಸಿಗುತ್ತೆ, ಎಚ್-1ಬಿ ಅಥವಾ ಎಫ್-1 ವೀಸಾದಲ್ಲಿರೋರಿಗೆ ಇಲ್ಲ. ಆದ್ರೆ 2025ರ ಕಾನೂನು ಸ್ನಾತಕೋತ್ತರ ವಿದ್ಯಾರ್ಥಿಗಳ ಗ್ರಾಡ್ ಪ್ಲಸ್ ಸರ್ಕಾರಿ ಸಾಲವನ್ನ ಹೊಸಬರಿಗೆ 2026ರ ಜುಲೈ 1ರಿಂದ ನಿಲ್ಲಿಸಿದೆ. ಸಾಮಾನ್ಯ ಸ್ನಾತಕೋತ್ತರ ವರ್ಗಕ್ಕೆ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ ಡಾಲರ್ ಮಿತಿ. "ಪ್ರೊಫೆಷನಲ್" ಅಂತ ಗುರುತಿಸಿದ ಡಿಗ್ರಿಗಳಿಗೆ ಮಾತ್ರ ವರ್ಷಕ್ಕೆ 50,000. ನಿಮ್ಮ ಕೋರ್ಸ್ ಯಾವ ವರ್ಗ ಅಂತ ಕಾಲೇಜಿನ ಸಾಲದ ಕಚೇರಿಯಿಂದ ಬರಹದಲ್ಲಿ ತಗೊಳ್ಳಿ. ಫೀಸೇ ಒಂದು ಲಕ್ಷ ದಾಟೋ ಕಡೆ ಉಳಿದದ್ದು ಖಾಸಗಿ ಸಾಲ, ಅದಕ್ಕೆ ಜಾಮೀನುದಾರರು ಬೇಕು. ಹೊಸದಾಗಿ ಬಂದೋರಿಗೆ ಜಾಮೀನು ಯಾರು ಹಾಕ್ತಾರೆ?


ಏಳೂವರೆ ಕೇಸ್:

ಕೆಲಸ ಹೇಗಿರುತ್ತೆ ಅನ್ನೋದಕ್ಕೆ. ಮೊದಲ ಕೇಸ್ ಏಳೂವರೆಗೆ ಅಂದ್ರೆ ಆರೂಕಾಲಿಗೆ ರೂಮಲ್ಲಿರಬೇಕು. ಅರಿವಳಿಕೆ ಮೆಷಿನ್ ಚೆಕ್ ಅಂದ್ರೆ ಸ್ಕ್ರೀನ್ ಮೇಲಿನ ಆಟೊ ಟೆಸ್ಟ್ ಒತ್ತಿ ಕಾಫಿಗೆ ಹೋಗೋದಲ್ಲ. ಪೈಪ್‌ಲೈನ್ ಆಕ್ಸಿಜನ್ 50 ಪಿಎಸ್‌ಐ ಆಸುಪಾಸು ಇದೆಯಾ ನೋಡಿ. ಹಿಂದಿರೋ ಸಣ್ಣ ಸಿಲಿಂಡರ್ ತುಂಬಿದಾಗ ಸುಮಾರು 1,900 ಪಿಎಸ್‌ಐ, 660 ಲೀಟರ್. 1,000ಕ್ಕೆ ಇಳಿದಿದ್ರೆ ಉಳಿದಿರೋದು ಸುಮಾರು 350 ಲೀಟರ್ ಅಷ್ಟೇ, ನಿಮಿಷಕ್ಕೆ 10 ಲೀಟರ್ ಬಿಟ್ರೆ ಅರ್ಧ ಗಂಟೆ ಚಿಲ್ಲರೆ. ಪರೀಕ್ಷಿಸಿದ ಮೇಲೆ ಸಿಲಿಂಡರ್ ಮುಚ್ಚಿ. ತೆರೆದೇ ಬಿಟ್ರೆ ಪೈಪ್‌ಲೈನ್ ಒತ್ತಡ ಸ್ವಲ್ಪ ಬಿದ್ದಾಗೆಲ್ಲ ಅಲಾರಂ ಇಲ್ಲದೆ ಅದರಿಂದಲೇ ಎಳೆದು, ಬೇಕಾದ ದಿನ ಖಾಲಿ ಇರುತ್ತೆ. ಆಮೇಲೆ ಹೆಚ್ಚಿನ ಒತ್ತಡ ಹೊರಬಿಡೋ ಎಪಿಎಲ್ ವಾಲ್ವ್ ಮುಚ್ಚಿ, ರೋಗಿಯ ಕಡೆಯ ಕವಲು ಕೊಳವೆ ವೈ-ಪೀಸ್ ಒತ್ತಿಹಿಡಿದು 30 ಸೆಂ.ಮೀ. ನೀರಿನ ಒತ್ತಡಕ್ಕೆ ತುಂಬಿಸಿ ಹತ್ತು ಸೆಕೆಂಡ್ ನಿಲ್ಲುತ್ತಾ ನೋಡಿ. ಸಕ್ಷನ್ ನಿಜಕ್ಕೂ ಎಳೀತಾ ಇದೆಯಾ, ಬೇರೆ ಆಂಬು ಬ್ಯಾಗ್ ಕೈಗೆ ಸಿಗೋ ಕಡೆ ಇದೆಯಾ.

ಸೋಮವಾರ ಬೆಳಗ್ಗೆ ಒಂದು ವಿಶೇಷ ಅಪಾಯ. ಶುಕ್ರವಾರ ಯಾರೋ ಗ್ಯಾಸ್ ಹರಿವು ನಿಲ್ಲಿಸದೆ ಹೋಗಿದ್ರೆ ಎರಡು ದಿನದಲ್ಲಿ, ರೋಗಿ ಬಿಡೋ ಕಾರ್ಬನ್ ಡೈಆಕ್ಸೈಡ್ ಹೀರೋ ಸೋಡಾಲೈಮ್ ಒಣಗಿಹೋಗಿರುತ್ತೆ. ಒಣಗಿದ ಸೋಡಾಲೈಮ್ ಮೇಲೆ ಡೆಸ್‌ಫ್ಲೂರೇನ್ ಅರಿವಳಿಕೆ ಗ್ಯಾಸ್ ಹಾದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ, ಸಾಮಾನ್ಯ ಪಲ್ಸ್ ಆಕ್ಸಿಮೀಟರ್ ಅದನ್ನ ಹಿಡಿಯಲ್ಲ. ಹರಿವು ತೆರೆದೇ ಇತ್ತು ಅಂತ ಕಂಡ್ರೆ ಡಬ್ಬಿ ಬದಲಾಯಿಸಿ, ಯೋಚನೆ ಬೇಡ. ಸೋಡಾಲೈಮ್ ಮುಗಿದಾಗ ಬರೋ ನೇರಳೆ ಬಣ್ಣವನ್ನೂ ಪೂರ್ತಿ ನಂಬಬೇಡಿ, ರಾತ್ರಿ ಕಳೆಯೋದ್ರಲ್ಲಿ ಮತ್ತೆ ಬೆಳ್ಳಗಾಗುತ್ತೆ. ಕ್ಯಾಪ್ನೊಗ್ರಾಫ್‌ನಲ್ಲಿ ಒಳಗೆಳೆಯೋ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೊನ್ನೆಗೆ ಇಳೀತಿಲ್ಲ ಅಂದ್ರೆ ಅದೇ ಸರಿಯಾದ ಸುಳಿವು.

ಮದ್ದು ಎಳೆಯೋದ್ರಲ್ಲಿ ಹೆಚ್ಚು ತಪ್ಪಾಗೋದು ಬಿಪಿ ಏರಿಸೋ ಫಿನೈಲೆಫ್ರಿನ್. ವಯಲ್‌ನಲ್ಲಿ ಒಂದು ಎಂಎಲ್‌ಗೆ 10 ಮಿಗ್ರಾಂ, ನಮಗೆ ಬೇಕಿರೋದು ಎಂಎಲ್‌ಗೆ 100 ಮೈಕ್ರೊಗ್ರಾಂ, ಅಂದ್ರೆ ನೂರು ಪಟ್ಟು ತೆಳು. ಸಿರಿಂಜಲ್ಲಿ ಎರಡು ಸಲ ಹತ್ತರ ಲೆಕ್ಕದಲ್ಲಿ ತೆಳುಮಾಡೋರು ನಡುವೆ ಯಾರಾದ್ರೂ ಮಾತಾಡಿಸಿದ್ರೆ ಒಂದೇ ಸಲಕ್ಕೆ ನಿಲ್ಲಿಸಿಬಿಡ್ತಾರೆ. ಆಗ ಒಂದು ಎಂಎಲ್ ಕೊಟ್ರೆ ಹೋಗೋದು 1,000 ಮೈಕ್ರೊಗ್ರಾಂ. ಇಡೀ ವಯಲನ್ನ 100 ಎಂಎಲ್ ಸಲೈನ್ ಚೀಲಕ್ಕೆ ಹಾಕಿ, ಲೇಬಲ್ ಹಚ್ಚಿ, ಅಲ್ಲಿಂದ ಎಳೆದ್ರೆ ಆ ತಪ್ಪಿಗೆ ಜಾಗವೇ ಇಲ್ಲ. ಫಾರ್ಮಸಿ ತುಂಬಿಸಿದ ಸಿರಿಂಜ್ ಸಿಗೋ ಕಡೆ ಅದನ್ನೇ ಬಳಸಿ. ಹೆರಿಗೆ ಕೋಣೆಯ ಸ್ಪೈನಲ್ ಟ್ರೇ ಹತ್ತಿರ ರಕ್ತಸ್ರಾವ ತಡೆಯೋ ಟ್ರಾನೆಕ್ಸಾಮಿಕ್ ಆಸಿಡ್ ಇಡಬೇಡಿ. ಮರಗಟ್ಟಿಸೋ ಬುಪಿವಕೇನ್ ಅಂದ್ಕೊಂಡು ಬೆನ್ನುಹುರಿಗೆ ಕೊಟ್ಟ ಪ್ರಕರಣಗಳಿಂದಾಗಿ 2020ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿತ್ತು.

ಎಬ್ಬಿಸೋವಾಗ ಆತುರ ಬೇಡ. ಸ್ನಾಯು ಸಡಿಲಿಸೋ ಮದ್ದು ಇಳಿದಿದೆಯಾ ಅಂತ ನರಕ್ಕೆ ನಾಲ್ಕು ಸಲ ಕರೆಂಟ್ ಕೊಟ್ಟು ಅಳೆಯೋ ಟ್ರೇನ್-ಆಫ್-ಫೋರ್ ಅನುಪಾತ ಕೈ ಹೆಬ್ಬೆರಳಿನಲ್ಲಿ 0.9 ಮುಟ್ಟಿದ ಮೇಲೆ ಉಸಿರಿನ ಟ್ಯೂಬ್ ತೆಗೆಯಿರಿ, ಅದೂ ಅಂಕಿ ತೋರಿಸೋ ಮಾನಿಟರಲ್ಲಿ. ಮುಖಕ್ಕೆ ಎಲೆಕ್ಟ್ರೋಡ್ ಹಚ್ಚಿ ಹುಬ್ಬು ಕುಣಿಯೋದು ನೋಡಿದ್ರೆ ಮೋಸ ಹೋಗ್ತೀರಿ, ಮುಖದ ಸ್ನಾಯು ಬೇಗ ಚೇತರಿಸ್ಕೊಳ್ಳುತ್ತೆ. ಆ ಮದ್ದಿನ ಪರಿಣಾಮ ಕಳೆಯೋ ಸುಗಮ್ಮಡೆಕ್ಸ್ ಎರಡು ಮಿಡಿತ ಬಂದಿದ್ರೆ ಕಿಲೋಗೆ 2 ಮಿಗ್ರಾಂ, ಟೆಟನಿಕ್ ಅನ್ನೋ ಸತತ ಕರೆಂಟ್ ನಂತರ ಒಂದೆರಡು ಮಾತ್ರ ಬಂದ್ರೆ 4. ಸುಗಮ್ಮಡೆಕ್ಸ್ ಕೊಟ್ಟ ಮೇಲೆ, ಗರ್ಭನಿರೋಧಕ ಮಾತ್ರೆ ತಗೊಳ್ಳೋರಿಗೆ ಏಳು ದಿನ ಬೇರೆ ಉಪಾಯ ಬೇಕು ಅಂತ ಹೇಳಿ, ಡಿಸ್ಚಾರ್ಜ್ ಹಾಳೆಯಲ್ಲೂ ಬರೆಸಿ. ಮರೆಯೋದೇ ಜಾಸ್ತಿ.

ಕೆಲಸ ಒಪ್ಪೋ ಮೊದಲು, ಸಣ್ಣ ಸರ್ಜರಿ ಸೆಂಟರ್ ಆಗಿದ್ರೆ, ಒಂದು ಪ್ರಶ್ನೆ ಕೇಳಿ: ಡ್ಯಾಂಟ್ರೊಲೀನ್ ಯಾವುದು ಇಟ್ಟಿದ್ದೀರಿ? ಅರಿವಳಿಕೆ ಮದ್ದಿನಿಂದ ಮೈ ವಿಪರೀತ ಬಿಸಿಯೇರೋ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾಗೆ ಇದರ ಮೊದಲ ಡೋಸ್ ಕಿಲೋಗೆ 2.5 ಮಿಗ್ರಾಂ. 70 ಕಿಲೋ ಮನುಷ್ಯನಿಗೆ 175. ಹಳೇ ನಮೂನೆಯ 20 ಮಿಗ್ರಾಂ ವಯಲ್ ಆದ್ರೆ ಒಂಬತ್ತು ಬೇಕು, ಒಂದೊಂದಕ್ಕೂ 60 ಎಂಎಲ್ ಸ್ಟೆರೈಲ್ ವಾಟರ್ ಹಾಕಿ ಕಲಕಬೇಕು. ಹೊಸ 250 ಮಿಗ್ರಾಂ ವಯಲ್ 5 ಎಂಎಲ್‌ನಲ್ಲಿ ಕರಗುತ್ತೆ, ಒಂದೇ ಸಾಕು. ಹಳೇದು 36 ಅಥವಾ ಹೊಸದು 3 ಇರಬೇಕು ಅನ್ನೋದು ಶಿಫಾರಸು. ಇಡೀ ಕಟ್ಟಡದಲ್ಲಿ ಕೈ ಜೋಡಿಸೋಕೆ ನಾಲ್ಕೇ ಜನ ಇರೋ ಕಡೆ ಈ ವ್ಯತ್ಯಾಸ ದೊಡ್ಡದು. ಉತ್ತರ ತಡವರಿಸಿದ್ರೆ ಆ ಜಾಗದ ಬಗ್ಗೆ ತಿಳಿಯಬೇಕಾದ್ದು ತಿಳಿದಂತೆ.

ಚಟ ಹಿಡಿಸಬಲ್ಲ ನೋವಿನ ಮದ್ದು ಫೆಂಟನಿಲ್ ಲೆಕ್ಕ: ಮದ್ದು ವಿತರಿಸೋ ಮೆಷಿನ್ನಿಂದ ತೆಗೆದದ್ದು, ಕೊಟ್ಟದ್ದು, ಸಾಕ್ಷಿ ಇಟ್ಟು ಚೆಲ್ಲಿದ್ದು, ವಾಪಸ್ ಹಾಕಿದ್ದು ಕೇಸಿಂದ ಕೇಸಿಗೆ ತಾಳೆಯಾಗಬೇಕು. ದಿನದ ಕೊನೆಗೆ ಒಟ್ಟಿಗೆ ಮಾಡ್ತೀನಿ ಅನ್ನೋ ಅಭ್ಯಾಸ ಲೈಸೆನ್ಸ್‌ಗೇ ಕುತ್ತು.


ಡಾ. ಕಾವೇರಿಸೀಮೆ:

ನಾನು ಅರಿವಳಿಕೆ ತಜ್ಞ, ಅಂದರೆ ಎದುರು ಪಕ್ಷದವನು ಎಂದುಕೊಳ್ಳಬಹುದು. ಕೈಕೆಳಗೋ ಸ್ವತಂತ್ರವೋ ಎಂಬ ಪ್ರಶ್ನೆಗೆ ಉತ್ತರ ಬಿಲ್ಲಿನಲ್ಲಿದೆ.

ಅರಿವಳಿಕೆಯ ಶುಲ್ಕ ಶಸ್ತ್ರಚಿಕಿತ್ಸೆಗೆ ನಿಗದಿಯಾದ ಬೇಸ್ ಯೂನಿಟ್ ಮತ್ತು ಸಮಯದ ಯೂನಿಟ್‌ಗಳ ಮೊತ್ತ. ಲ್ಯಾಪರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯಲು ಬೇಸ್ 7. ಒಂದೂವರೆ ಗಂಟೆ ಹಿಡಿದರೆ 15 ನಿಮಿಷಕ್ಕೊಂದರಂತೆ 6. ಒಟ್ಟು 13. ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಯೂನಿಟ್ಟಿಗೆ ಕೊಡುವುದು ಸುಮಾರು 20 ಡಾಲರ್, ಅಂದರೆ 260. ಸಿಆರ್‌ಎನ್‌ಎ ಒಬ್ಬರೇ ಮಾಡಿ ಬಿಲ್ಲಿನಲ್ಲಿ ಕ್ಯೂಝಡ್ ಸಂಕೇತ ನಮೂದಿಸಿದರೆ ಅಷ್ಟೂ ಅವರ ಹೆಸರಿನಲ್ಲಿ. ವೈದ್ಯರ ನಿರ್ದೇಶನದಲ್ಲಿ ಮಾಡಿದರೆ ಅರ್ಧ ಕ್ಯೂಎಕ್ಸ್ ಎಂದು ನಿಮಗೆ, ಅರ್ಧ ಕ್ಯೂಕೆ ಎಂದು ವೈದ್ಯರಿಗೆ. ವೈದ್ಯರು ಹೀಗೆ ನಾಲ್ಕು ಕೋಣೆಗಳವರೆಗೆ ನೋಡಬಹುದು.

ಆದರೆ ನಿರ್ದೇಶನ ಎಂದು ಬಿಲ್ ಮಾಡಲು ವೈದ್ಯರು ಏಳು ಷರತ್ತು ಪೂರೈಸಬೇಕು. ರೋಗಿಯನ್ನು ಮೊದಲೇ ಪರೀಕ್ಷಿಸುವುದು, ಯೋಜನೆ ಬರೆಯುವುದು, ಅರಿವಳಿಕೆ ಕೊಡುವಾಗ ಮತ್ತು ಎಬ್ಬಿಸುವಾಗ ಖುದ್ದಾಗಿ ಇರುವುದು ಅದರಲ್ಲಿ ಸೇರಿವೆ. ನಾಲ್ಕೂ ಕೋಣೆ ಏಳೂವರೆಗೇ ಶುರುವಾದರೆ ಒಬ್ಬ ಮನುಷ್ಯ ನಾಲ್ಕು ಕಡೆ ಇರುವುದು ಹೇಗೆ? ಕೆಲವರು ಹತ್ತು ನಿಮಿಷದ ಅಂತರದಲ್ಲಿ ಶುರು ಮಾಡುತ್ತಾರೆ, ಸರ್ಜನ್ ಗೊಣಗುತ್ತಾರೆ. ಕೆಲವೆಡೆ ಇಲ್ಲದಿದ್ದರೂ ಇದ್ದೆವು ಎಂದು ಸಹಿ ಬೀಳುತ್ತದೆ. ಅದು ಸುಳ್ಳು ಬಿಲ್ಲು, ಸಿಕ್ಕಿಬಿದ್ದರೆ ಕೇಂದ್ರ ಸರ್ಕಾರದ ಮೊಕದ್ದಮೆ. ಚಾರ್ಟಿನಲ್ಲಿ ವೈದ್ಯರು ಹಾಜರಿದ್ದರೆಂದು ಅವರ ಪರವಾಗಿ ನೀವು ಟಿಕ್ ಮಾಡಬೇಡಿ.

ಇನ್ನು ರಾಜ್ಯಗಳ ಮಾತು. ಆಸ್ಪತ್ರೆಯಲ್ಲಿ ಸಿಆರ್‌ಎನ್‌ಎಗೆ ವೈದ್ಯರ ಮೇಲ್ವಿಚಾರಣೆ ಇರಬೇಕೆಂಬ ಮೆಡಿಕೇರ್ ನಿಯಮದಿಂದ ಹೊರಬರಲು 2001ರಿಂದ ರಾಜ್ಯಗಳಿಗೆ ಅವಕಾಶವಿದೆ. ಮೊದಲು ಹೊರಬಂದದ್ದು ಅಯೋವಾ. ಈಗ 20ಕ್ಕೂ ಹೆಚ್ಚು ರಾಜ್ಯಗಳಿವೆ. ಹೊರಬಂದ ರಾಜ್ಯದಲ್ಲಿದ್ದೀರಿ ಎಂದಮಾತ್ರಕ್ಕೆ ಸ್ವತಂತ್ರರಾಗುವುದಿಲ್ಲ, ಆಸ್ಪತ್ರೆಯ ಬೈಲಾ ಅದಕ್ಕಿಂತ ಬಿಗಿಯಾಗಿರಬಹುದು. ಹೊರಬರದ ರಾಜ್ಯದಲ್ಲೂ ಮೇಲ್ವಿಚಾರಕರು ಅರಿವಳಿಕೆ ತಜ್ಞರೇ ಆಗಬೇಕಿಲ್ಲ, ಶಸ್ತ್ರಚಿಕಿತ್ಸೆ ಮಾಡುವವರೇ ಸಾಕು. ಹಳ್ಳಿಗಾಡಿನ ಎಷ್ಟೋ ಆಸ್ಪತ್ರೆಗಳಲ್ಲಿ ನಡೆಯುವುದು ಹಾಗೆಯೇ. ಅಲ್ಲಿ ಊಟಕ್ಕೆ ಬಿಡಿಸುವವರಿರುವುದಿಲ್ಲ, ರಾತ್ರಿ ಕರೆ ಬಂದರೆ ಅರ್ಧ ಗಂಟೆಯೊಳಗೆ ತಲುಪಬೇಕು, ಟ್ಯೂಬ್ ಹೋಗದಿದ್ದರೆ ಕರೆಯಲು ಎರಡನೆಯವರಿಲ್ಲ. ಮೊದಲ ಕೆಲಸಕ್ಕೆ ಅಂಥ ಜಾಗ ಬೇಡವೆಂಬುದು ನನ್ನ ಅಭಿಪ್ರಾಯ, ಇಲ್ಲಿ ಕೆಲವರು ಒಪ್ಪಲಿಕ್ಕಿಲ್ಲ.

ಏಳೂವರೆ ಕೇಸ್ ಅವರು ಬಿಟ್ಟ ಒಂದು ಅಂಶ: ಎಂಡೋಸ್ಕೋಪಿ ಕೋಣೆ. ಹೊಸಬರು ಸುಲಭವೆಂದುಕೊಳ್ಳುತ್ತಾರೆ. ದಿನಕ್ಕೆ ಹದಿನೈದಿಪ್ಪತ್ತು ರೋಗಿಗಳು, ಟ್ಯೂಬ್ ಇಲ್ಲದೆ ನಿದ್ರೆ ಬರಿಸುವ ಪ್ರೊಪೊಫಾಲ್, ವಾಯುಮಾರ್ಗ ಗ್ಯಾಸ್ಟ್ರೊ ವೈದ್ಯರ ಕಡೆ. ಈಗ ಸೆಮಗ್ಲುಟೈಡ್ ಥರದ ತೂಕದ ಚುಚ್ಚುಮದ್ದಿನವರು ಉಪವಾಸವಿದ್ದರೂ ಹೊಟ್ಟೆ ತುಂಬಿಕೊಂಡೇ ಬರುತ್ತಾರೆ. 2023ರಲ್ಲಿ ಅರಿವಳಿಕೆ ತಜ್ಞರ ಸಂಘದವರು ವಾರದ ಡೋಸ್ ಒಂದು ವಾರ ನಿಲ್ಲಿಸಿ ಎಂದರು. 2024ರ ಮಾರ್ಗಸೂಚಿಯಲ್ಲಿ ಬಹುಪಾಲು ಜನ ಮುಂದುವರಿಸಬಹುದು, ಅಪಾಯ ಹೆಚ್ಚಿರುವವರು ಹಿಂದಿನ 24 ಗಂಟೆ ದ್ರವಾಹಾರದಲ್ಲಿರಲಿ ಎಂದರು. ಅನುಮಾನವಿದ್ದರೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿ. ತುಂಬಿದ್ದರೆ ಮುಂದೂಡಿ, ಇಲ್ಲವೇ ಟ್ಯೂಬ್ ಹಾಕಿ.


ತುಂಗಾತೀರ:

ಎಲ್ಲರಿಗೂ ಥ್ಯಾಂಕ್ಸ್, ಡಾಕ್ಟರ್ ಸರ್‌ಗೆ ವಿಶೇಷವಾಗಿ. ಒಂದು ಉಳೀತು: 1099 ಅಂದ್ರೆ ಗಂಟೆಗೆ ತುಂಬಾ ಜಾಸ್ತಿ ಸಿಗುತ್ತೆ ಅಂತಾರಲ್ಲ, ಅದು? ಮತ್ತೆ ತಂಗಿ ವಿಷಯ.


ಗಾಳಿಮಾತು:

ನರ್ಸ್ ಅನಸ್ತೆಟಿಸ್ಟ್‌ಗಳ ಮಧ್ಯಮ ಸಂಬಳ 2024ರ ಮೇ ಸರ್ಕಾರಿ ಅಂಕಿಯಲ್ಲಿ ವರ್ಷಕ್ಕೆ ಸುಮಾರು 2,23,000 ಡಾಲರ್. ಅದು ಸಂಬಳಕ್ಕಿರೋರ, ಅಂದ್ರೆ ಡಬ್ಲ್ಯು-2ನವರ ಲೆಕ್ಕ. 1099 ಅಂದ್ರೆ ಗುತ್ತಿಗೆ, ಗಂಟೆಯ ದರ ಜಾಸ್ತಿ. ಆದ್ರೆ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆಯ ಎರಡೂ ಪಾಲು ನಿಮ್ಮದೇ: 7.65ರ ಬದಲು 15.3 ಶೇಕಡಾ. 2025ಕ್ಕೆ 1,76,100 ಡಾಲರ್ ದಾಟಿದ ಮೇಲೆ ಸೋಶಿಯಲ್ ಸೆಕ್ಯುರಿಟಿ ಭಾಗ ನಿಲ್ಲುತ್ತೆ. ಆರೋಗ್ಯ ವಿಮೆ, ರಜೆ, ನಿವೃತ್ತಿ ಹಣ ಎಲ್ಲ ಸ್ವಂತ ಖರ್ಚು. ತೆರಿಗೆ ವರ್ಷಕ್ಕೆ ನಾಲ್ಕು ಕಂತು: ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ 15. ಮೊದಲ ವರ್ಷ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ, ಬಂದ ದುಡ್ಡೆಲ್ಲ ತಮ್ಮದೇ ಅಂದ್ಕೊಂಡಿರ್ತಾರೆ. ಎಚ್-1ಬಿಯಲ್ಲಿರೋರು 1099 ಮುಟ್ಟೋ ಹಾಗಿಲ್ಲ, ನಿಮಗೆ ಆ ತೊಂದರೆ ಇಲ್ಲ.

ಕಾಂಟ್ರಾಕ್ಟ್‌ನಲ್ಲಿ ನಾನು ಮೊದಲು ಓದೋದು ಮಾಲ್‌ಪ್ರಾಕ್ಟೀಸ್ ಪುಟ. "ಅಕರೆನ್ಸ್" ವಿಮೆ ಆದ್ರೆ ಆ ಅವಧಿಯಲ್ಲಿ ನಡೆದದ್ದಕ್ಕೆ ಕೇಸು ಯಾವಾಗ ಬಿದ್ರೂ ರಕ್ಷಣೆ. "ಕ್ಲೇಮ್ಸ್-ಮೇಡ್" ಆದ್ರೆ ಕೆಲಸ ಬಿಟ್ಟ ಮೇಲೆ ಬರೋ ಕೇಸಿಗೆ ಬೇರೆ "ಟೇಲ್" ಕೊಳ್ಳಬೇಕು, ಅದು ವರ್ಷದ ಪ್ರೀಮಿಯಂನ ಎರಡು ಪಟ್ಟು ಹತ್ತಿರ ಹೋಗುತ್ತೆ. ಟೇಲ್ ಯಾರು ಕಟ್ತಾರೆ ಅಂತ ಬರೆಸಿಕೊಳ್ಳದೆ ಸಹಿ ಹಾಕಬೇಡಿ.

ಜಾಯ್ನಿಂಗ್ ಬೋನಸ್‌ನಲ್ಲೂ ಒಂದು ಗುಂಡಿ ಇದೆ. ಅವಧಿಗೆ ಮೊದಲು ಬಿಟ್ರೆ ವಾಪಸ್ ಕೊಡಬೇಕಾದ್ದು ತೆರಿಗೆ ಕಡಿಯೋ ಮುಂಚಿನ ಮೊತ್ತ, ನಿಮ್ಮ ಕೈಗೆ ಬಂದಿದ್ದು ಕಡಿದ ಮೇಲಿನದ್ದು. "ಕೈಗೆ ಬಂದ ಮೊತ್ತ, ಉಳಿದ ತಿಂಗಳುಗಳ ಅನುಪಾತದಲ್ಲಿ" ಅಂತ ತಿದ್ದಿಸಿ, ಕೇಳಿದ್ರೆ ಎಷ್ಟೋ ಕಡೆ ತಿದ್ತಾರೆ. ಮೂರೂವರೆಗೆ ಶಿಫ್ಟ್ ಮುಗಿದ್ರೂ ಕೇಸ್ ಮುಗೀದಿದ್ರೆ ಯಾರು ಬಿಡಿಸ್ತಾರೆ, ಆ ಹೆಚ್ಚುವರಿ ಗಂಟೆಗೆ ಏನು ದರ, ಮನೇಲಿದ್ದು ಕಾಯೋ ಕಾಲ್‌ಗೆ ಕಾಸು ಇದೆಯಾ, ಅದೂ ಬರಹದಲ್ಲಿರಲಿ.


ಸೋಡಾಲೈಮ್:

ತಂಗಿ ವಿಷಯ ನಂಗೆ ಬಿಡಿ, ನಾನು ಬೆಂಗಳೂರಲ್ಲಿ ಅನಸ್ತೇಷಿಯಾ ಟೆಕ್ನಾಲಜಿಸ್ಟ್. ಆ ಮಾತು ಹೇಳಿದೋರು ಪೂರ್ತಿ ತಪ್ಪು. ಸಿಆರ್‌ಎನ್‌ಎ ಆಗೋಕೆ ಮೊದಲು ಅಮೆರಿಕದ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಬೇಕು, ಅದಕ್ಕೆ ನರ್ಸಿಂಗೇ ಓದಿರಬೇಕು. ನಮ್ಮ ಬಿ.ಎಸ್ಸಿ. ಅಲೈಡ್ ಹೆಲ್ತ್ ಕೋರ್ಸು, 2021ರ ರಾಷ್ಟ್ರೀಯ ಅಲೈಡ್ ಹೆಲ್ತ್ ಕಾಯ್ದೆ ಅಡಿ ಬರುತ್ತೆ, ನರ್ಸಿಂಗ್ ಕೌನ್ಸಿಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಎನ್‌ಕ್ಲೆಕ್ಸ್‌ಗೆ ಕೂರೋಕೇ ಆಗಲ್ಲ.

ನಮ್ಮ ಕೆಲಸ: ಮೆಷಿನ್ ಚೆಕ್, ಸರ್ಕ್ಯೂಟ್ ಜೋಡಣೆ, ಟ್ರಾಲಿ ಸಿದ್ಧ ಮಾಡೋದು, ಟ್ಯೂಬು ಹೆಂಗಸರಿಗೆ 7, ಗಂಡಸರಿಗೆ 8, ಜತೆಗೆ ಅರ್ಧ ಸೈಜ್ ಚಿಕ್ಕದೊಂದು, ಬೂಜಿ, ವಿಡಿಯೊ ಲ್ಯಾರಿಂಗೊಸ್ಕೋಪ್, ಆರ್ಟೀರಿಯಲ್ ಲೈನ್ ಟ್ರಾನ್ಸ್‌ಡ್ಯೂಸರ್ ಜೀರೋ ಮಾಡೋದು. ಅರಿವಳಿಕೆ ಕೊಡೋದು ಡಾಕ್ಟರೇ. ಇಂಡಿಯಾದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತಜ್ಞರ ಕೊರತೆ ಬಂದಾಗಲೂ ಸರ್ಕಾರ ಎಂಬಿಬಿಎಸ್ ಡಾಕ್ಟರುಗಳಿಗೆ 18 ವಾರದ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡ್ತು, ನರ್ಸುಗಳಿಗೆ ಆ ದಾರಿ ತೆರೀಲಿಲ್ಲ. ನಮಗಂತೂ ಇಲ್ಲವೇ ಇಲ್ಲ.

ಹಾಗಂತ ಕೋರ್ಸ್ ಕೆಟ್ಟದ್ದಲ್ಲ. ಗಲ್ಫ್‌ಗೆ ಡೇಟಾಫ್ಲೋ (ದಾಖಲೆ ಪರಿಶೀಲನೆ), ಪ್ರೊಮೆಟ್ರಿಕ್ (ಲೈಸೆನ್ಸ್ ಪರೀಕ್ಷೆ) ಮುಗಿಸಿ ಇದೇ ಹುದ್ದೆಗೆ ಹೋಗ್ತಾರೆ. ಬ್ರಿಟನ್‌ನಲ್ಲಿ ಆಪರೇಟಿಂಗ್ ಡಿಪಾರ್ಟ್‌ಮೆಂಟ್ ಪ್ರಾಕ್ಟಿಷನರ್ ಅಂತ ಅಲ್ಲಿನ ನೋಂದಣಿ ಮಂಡಳಿ ಎಚ್‌ಸಿಪಿಸಿಗೆ ಅರ್ಜಿ ಹಾಕ್ತಾರೆ. ಅವರು ಸಿಲಬಸ್ಸನ್ನ ಸಾಲು ಸಾಲಾಗಿ ಹೋಲಿಸ್ತಾರೆ, ಅದಕ್ಕೆ ಓದುವಾಗಲೇ ಲಾಗ್‌ಬುಕ್, ಇಂಟರ್ನ್‌ಶಿಪ್ ಪೋಸ್ಟಿಂಗ್ ಪತ್ರಗಳನ್ನ ಜೋಪಾನ ಮಾಡಿರಬೇಕು, ಕಾಲೇಜು ಬಿಟ್ಟ ಮೇಲೆ ತರಿಸೋದು ಹರಸಾಹಸ. ಅಮೆರಿಕದಲ್ಲಿ ಅನಸ್ತೇಷಿಯಾಲಜಿಸ್ಟ್ ಅಸಿಸ್ಟೆಂಟ್ ಅಂತ ನರ್ಸಿಂಗ್ ಅಲ್ಲದ ಇನ್ನೊಂದು ದಾರಿ ಇದೆ. ಎರಡು ವರ್ಷ ಚಿಲ್ಲರೆಯ ಮಾಸ್ಟರ್ಸ್, ಎಂಕ್ಯಾಟ್ ಅಥವಾ ಜಿಆರ್‌ಇ ಪ್ರವೇಶ ಪರೀಕ್ಷೆ, ವೈದ್ಯಕೀಯಕ್ಕೆ ಕೇಳೋವಷ್ಟು ವಿಜ್ಞಾನದ ವಿಷಯಗಳು. ಆದ್ರೆ ಕೆಲವೇ ರಾಜ್ಯಗಳಲ್ಲಿ ನಡೆಯುತ್ತೆ, ಯಾವಾಗಲೂ ಅರಿವಳಿಕೆ ತಜ್ಞರ ಅಡಿಯಲ್ಲೇ. ಅಲ್ಲದೆ ನಮ್ಮ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಡಿಗ್ರಿಯನ್ನ ನಾಲ್ಕು ವರ್ಷದ್ದಕ್ಕೆ ಸಮ ಅಂತ ಎಲ್ಲರೂ ಒಪ್ಪಲ್ಲ.

ತಂಗಿ ಮನಸ್ಸಲ್ಲಿ ಇರೋದು ಸಿಆರ್‌ಎನ್‌ಎ ಒಂದೇ ಅಂದ್ರೆ ಈ ಸೀಟು ಬಿಟ್ಟು ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಲಿ. ಕೌನ್ಸೆಲಿಂಗ್ ಮುಗಿಯೋ ಮೊದಲೇ ತೀರ್ಮಾನ ಮಾಡಿ. ಫೀಸ್ ಕಟ್ಟಿ ಅಸಲು ಅಂಕಪಟ್ಟಿ ಕಾಲೇಜಿಗೆ ಕೊಟ್ಟ ಮೇಲೆ ಬಿಡಿಸ್ಕೊಂಡು ಬರೋದು ಕಷ್ಟ.